ನಾಗರಹಾವಿನಿಂದ ಆಪ್ತರಕ್ಷಕದವರೆಗೆ: ಕಥೆಯನ್ನು ಎಷ್ಟು ಬದಲಾಯಿಸಬಹುದು?

ಹಳೇ ಟಾಕೀಸು
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಇಲ್ಲಿ ಓದುವವರೂ ಇದ್ದೀರಿ, ನೋಡುವವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

'ನಾಗರಹಾವು' ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಚಿಕ್ಕವನಿದ್ದಾಗ ಟಿವಿಯಲ್ಲಿ, ಆಮೇಲೆ ಸಿ.ಡಿ. ತಂದು, ಈಗ ಫೋನಿನಲ್ಲಿ. ಆದರೆ ತ.ರಾ.ಸು. ಅವರ ಕಾದಂಬರಿ ಓದಿದ್ದು ಹೋದ ತಿಂಗಳು, ಅಕ್ಕನ ಮಗಳು ಕೈಗೆ ಕೊಟ್ಟಾಗ. 1972ರ ಆ ಸಿನಿಮಾ ಬಂದಿದ್ದು ಮೂರು ಕಾದಂಬರಿ ಸೇರಿಸಿ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ನನಗೆ ಮೊದಲನೆಯದೂ ಮೂರನೆಯದೂ ಸಿಕ್ಕವು. ನಡುವಿನದು ಎಲ್ಲೂ ಸಿಗಲಿಲ್ಲ.

ಓದುವಾಗ ಒಂದು ಕಷ್ಟವಾಯಿತು. ಪುಸ್ತಕದಲ್ಲಿ ಚಾಮಯ್ಯ ಮೇಷ್ಟ್ರು ಬಂದ ಕೂಡಲೇ ಕೆ.ಎಸ್. ಅಶ್ವಥ್ ಮುಖವೇ ಕಣ್ಣೆದುರು ಬರುತ್ತದೆ. ರಾಮಾಚಾರಿ ಅಂದರೆ ವಿಷ್ಣುವರ್ಧನ್ ನಡಿಗೆ. ತ.ರಾ.ಸು. ಬರೆದ ಮನುಷ್ಯರನ್ನು ಅವರ ಮಾತಿನಲ್ಲೇ ನೋಡೋಣ ಅಂದರೆ ಆಗಲೇ ಇಲ್ಲ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ನೊಂದುಕೊಂಡಿದ್ದು ಎಲ್ಲರಿಗೂ ಗೊತ್ತು. ಈಗ ನನಗೆ ಇಬ್ಬರ ಬಗ್ಗೆಯೂ ಪ್ರೀತಿ. ಯಾರ ಪರ ನಿಲ್ಲಬೇಕು?

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದಿದ್ದರೆ ಬೈಯಿರಿ. ಸಿನಿಮಾ ಪುಸ್ತಕವನ್ನು ಮುರಿಯಬಹುದು. ಆದರೆ ಮುರಿದ ಜಾಗದಲ್ಲಿ ತನ್ನದೇ ಆದದ್ದೊಂದನ್ನು ಕಟ್ಟಿಕೊಡಬೇಕು. ಪುಟ್ಟಣ್ಣ ಕೊಟ್ಟರು. ಎರಡನೇ ಭಾಗಗಳಿಗೂ ಇದೇ ಮಾತು. ಮೊದಲ ಸಿನಿಮಾ ನಮ್ಮ ಮನಸ್ಸಿನಲ್ಲಿ ಒಂದು ಪುಸ್ತಕದ ಹಾಗೆ ಕೂತಿರುತ್ತದೆ. 'ಆಪ್ತಮಿತ್ರ'ದ ಮೇಲೆ 'ಆಪ್ತರಕ್ಷಕ' ಮಾಡಿದಾಗ ನನಗೆ ತ.ರಾ.ಸು. ಅವರಿಗೆ ಆದಂಥದ್ದೇ ಸಂಕಟವಾಯಿತು. ತಾನೇ ಸತ್ತುಹೋದ ನರ್ತಕಿ ನಾಗವಲ್ಲಿ ಎಂದುಕೊಳ್ಳುವ ಗಂಗಾಳಿಗೆ ಇದ್ದದ್ದು ಮನಸ್ಸಿನ ಕಾಯಿಲೆ, ದೆವ್ವ ಅಲ್ಲ ಎಂದು ಮೊದಲ ಸಿನಿಮಾ ಅಷ್ಟು ಚೆನ್ನಾಗಿ ಹೇಳಿತ್ತು. ಎರಡನೆಯದು ಬಂದು ನಾಗವಲ್ಲಿಯನ್ನು ನಿಜವಾದ ದೆವ್ವ ಮಾಡಿತು. ಅಲ್ಲಿ ಮುರಿದದ್ದಕ್ಕೆ ಬದಲಾಗಿ ಏನು ಸಿಕ್ಕಿತು? ನನಗಂತೂ ಕಾಣಲಿಲ್ಲ.

ಕೋಟೆ ಕಾವಲು
ನಾನು ಚಿತ್ರದುರ್ಗದವನು. ಹಾಗಾಗಿ ಈ ವಿಷಯದಲ್ಲಿ ಸುಮ್ನೆ ಇರೋಕಾಗಲ್ಲ.

ನೋಡಿ, ತ.ರಾ.ಸು. ಈ ಜಿಲ್ಲೆಯವರು. ತಳುಕು ಅವರ ಊರು. ಕೋಟೆ ಅವರಿಗೆ ಚಿತ್ರೀಕರಣದ ಜಾಗ ಅಲ್ಲ, ಜೀವಮಾನದ ವಿಷಯ. 'ದುರ್ಗಾಸ್ತಮಾನ' ಓದಿದವರಿಗೆ ಅದು ಅರ್ಥವಾಗುತ್ತದೆ. ಅಂಥವರು ತನ್ನ ಕಥೆ ಬೇರೆಯಾಗಿದೆ ಎಂದರೆ ಅದನ್ನು ಲೇಖಕರ ಸಿಟ್ಟು ಎಂದು ತಳ್ಳಿಹಾಕಬಾರದು. ರಾಮಾಚಾರಿಯ ರೋಷಕ್ಕೆ ಅವರು ಒಂದಲ್ಲ, ಮೂರು ಪುಸ್ತಕ ಕೊಟ್ಟರು. ಸಿನಿಮಾ ಅದನ್ನು ಸುಮಾರು ಮೂರು ಗಂಟೆಗೆ ಇಳಿಸಿತು. ಇಳಿಸುವಾಗ ಏನೋ ಸೋರಿಹೋಗಿಯೇ ಹೋಗುತ್ತದೆ.

ಆದರೂ ಒಂದು ಮಾತು ಒಪ್ಪಲೇಬೇಕು. ಕೋಟೆಗೆ ಬರುವ ಹತ್ತು ಜನರಲ್ಲಿ ನಾಲ್ಕು ಜನ ಇವತ್ತಿಗೂ ರಾಮಾಚಾರಿ ಓಡಾಡಿದ ಬಂಡೆ ಯಾವುದು ಅಂತ ಕೇಳುತ್ತಾರೆ. ಓಬವ್ವನ ಕಿಂಡಿ ಮುಂದೆ ನಿಂತರೆ ಯಾರಾದರೊಬ್ಬರು 'ಕನ್ನಡ ನಾಡಿನ ವೀರರಮಣಿಯ' ಹಾಡುತ್ತಾರೆ. ಇದನ್ನು ಸಿನಿಮಾನೇ ಮಾಡಿದ್ದು. ನಮ್ಮೂರಿನವನಾಗಿ ಆ ಋಣ ನನಗಿದೆ.

ಬಾಲ್ಕನಿ ಟಿಕೆಟ್
ಅಶ್ವಥ್ ಇಲ್ಲದ ಚಾಮಯ್ಯ ಮೇಷ್ಟ್ರು ನನಗೆ ಬೇಡವೇ ಬೇಡ. ಅಷ್ಟೇ ನನ್ನ ತೀರ್ಪು.

ರೀಲ್ ನಂಬರ್ 14
ಮೂರು ಕಾದಂಬರಿ ಒಂದು ಸಿನಿಮಾ ಅನ್ನೋದು ತ.ರಾ.ಸು. ವಿಷಯದಲ್ಲಿ ಒಂದೇ ಸಲ ಆಗಿದ್ದಲ್ಲ. 1993ರ 'ಆಕಸ್ಮಿಕ' ಕೂಡ ಹಾಗೇ. 'ಆಕಸ್ಮಿಕ', 'ಅಪರಾಧಿ', 'ಪರಿಣಾಮ' ಈ ಮೂರನ್ನು ಸೇರಿಸಿ ಟಿ.ಎಸ್. ನಾಗಾಭರಣ ಮಾಡಿದ್ದು. ಜನರಿಗೆ ಅದರಲ್ಲಿ ನೆನಪಿರುವುದು 'ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು' ಹಾಡು. ಕಾದಂಬರಿ ಇತ್ತು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇದೇ ತ.ರಾ.ಸು. ಅವರ 'ಹಂಸಗೀತೆ'ಯನ್ನು ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದರು. ಅದರ ದಾರಿ ಪೂರ್ತಿ ಬೇರೆ. ಹಾಗಾಗಿ ಒಂದು ಸಿನಿಮಾ ಇಟ್ಟುಕೊಂಡು ಲೇಖಕರಿಗೆ ಅನ್ಯಾಯವಾಯಿತು ಅಂತ ತೀರ್ಮಾನ ಮಾಡೋದು ಸರಿಯಲ್ಲ, ಕೋಟೆ ಕಾವಲು ಅವರೇ.

ಕೋಟೆ ಕಾವಲು
ಅನ್ಯಾಯ ಅಂತ ನಾನು ಹೇಳಲಿಲ್ಲ ಸರ್. ಸೋರಿಹೋಯಿತು ಎಂದೆ. ಎರಡಕ್ಕೂ ವ್ಯತ್ಯಾಸ ಇದೆ.

ಓದುಗಿ ಮೈಸೂರು
ಇಷ್ಟು ಹೊತ್ತಾದರೂ ತ್ರಿವೇಣಿ ಹೆಸರು ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ.

ತ.ರಾ.ಸು. ಕನಿಷ್ಠ ತಮ್ಮ ಬೇಸರವನ್ನು ಹೇಳಿಕೊಂಡರು. ತ್ರಿವೇಣಿಗೆ ಆ ಅವಕಾಶವೇ ಸಿಗಲಿಲ್ಲ. ಅವರು ತೀರಿಕೊಂಡಿದ್ದು 1963ರಲ್ಲಿ. 'ಬೆಳ್ಳಿಮೋಡ' ತೆರೆಗೆ ಬಂದಿದ್ದು 1967ರಲ್ಲಿ, 'ಶರಪಂಜರ' 1971ರಲ್ಲಿ. ಎರಡೂ ಪುಟ್ಟಣ್ಣ ಅವರದೇ. 'ಶರಪಂಜರ'ದಲ್ಲಿ ಕಲ್ಪನಾ ಮಾಡಿದ ಕಾವೇರಿಯನ್ನು ಆಕೆಯನ್ನು ಬರೆದವರು ನೋಡಲೇ ಇಲ್ಲ.

'ಶರಪಂಜರ' ನಾನು ಮೊದಲು ಓದಿದೆ, ಆಮೇಲೆ ನೋಡಿದೆ. ನಮ್ಮ ದೊಡ್ಡಮ್ಮ ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿಕೊಂಡು ಜೋರಾಗಿ ಓದೋರು, ನಾವು ಮೂರು ಜನ ಹುಡುಗಿಯರು ಸುತ್ತ ಕೂತು ಕೇಳುತ್ತಿದ್ದೆವು. ಹೆರಿಗೆಯಾದ ಮೇಲೆ ಮನಸ್ಸು ಕೆಡುವುದು ಒಂದು ಕಾಯಿಲೆ, ಅದು ವಾಸಿಯಾಗುತ್ತದೆ, ಆದರೆ ಮನೆಯವರ ಅನುಮಾನ ವಾಸಿಯಾಗುವುದಿಲ್ಲ. ಇದನ್ನು ಆ ಕಾಲದಲ್ಲೇ ಅಷ್ಟು ನೇರವಾಗಿ ಬರೆದಿದ್ದರು. ಓದುತ್ತಾ ಓದುತ್ತಾ ದೊಡ್ಡಮ್ಮನ ದನಿ ಕಟ್ಟಿದ್ದು ಇನ್ನೂ ನೆನಪಿದೆ. ಸಿನಿಮಾದಲ್ಲಿ ಕಾವೇರಿಯ ಮೌನ ನೋಡಿದಾಗ ನನಗೆ ಕೇಳಿಸಿದ್ದು ದೊಡ್ಡಮ್ಮನ ಆ ದನಿಯೇ. ಅಲ್ಲಿಗೆ ಪುಸ್ತಕವೂ ಸಿನಿಮಾವೂ ನನ್ನೊಳಗೆ ಒಂದಾದವು.

ಹಳೇ ಟಾಕೀಸು ಅವರಿಗೆ ಒಂದು ಪ್ರಶ್ನೆ. 1971ರಲ್ಲೇ ಮನಸ್ಸಿನ ಕಾಯಿಲೆಯನ್ನು ಕಾಯಿಲೆ ಅಂತಲೇ ತೋರಿಸಿದ ಚಿತ್ರರಂಗ, 2010ರಲ್ಲಿ ಯಾಕೆ ದೆವ್ವಕ್ಕೆ ವಾಪಸ್ ಹೋಯಿತು? 'ಆಪ್ತರಕ್ಷಕ'ದ ವಿಷಯದಲ್ಲಿ ನಿಮ್ಮ ಬೇಸರ ನನಗೂ ಇದೆ.

ಸಂಜೆ ಶೋ
ನೀವಿಬ್ಬರೂ 'ಆಪ್ತರಕ್ಷಕ'ವನ್ನು ಪುಸ್ತಕ ಓದಿದ ಹಾಗೆ ನೋಡುತ್ತಿದ್ದೀರಿ. ನಾನು ಥಿಯೇಟರಿನಲ್ಲಿ ನೋಡಿದೆ. ಹಾಗಾಗಿ ಉತ್ತರ ಕೊಡಲೇಬೇಕು.

ವಿಷ್ಣು ಸರ್ ಹೋಗಿದ್ದು 2009ರ ಡಿಸೆಂಬರ್ 30. ಸಿನಿಮಾ ಬಂದಿದ್ದು 2010ರ ಫೆಬ್ರವರಿಯಲ್ಲಿ. ಎರಡು ತಿಂಗಳೂ ಆಗಿರಲಿಲ್ಲ. ನಾನು, ಅಪ್ಪ, ಚಿಕ್ಕಪ್ಪ ಮೂರೂ ಜನ ಹೋಗಿದ್ದೆವು. ಅಪ್ಪ ಸಾಮಾನ್ಯವಾಗಿ ಥಿಯೇಟರಿಗೆ ಬರುವವರಲ್ಲ. ತೆರೆ ಮೇಲೆ ಅವರು ಕಾಣಿಸಿಕೊಂಡಾಗ ಶಿಳ್ಳೆ ಶುರುವಾಯಿತು, ಆಮೇಲೆ ಒಂದು ಹೊತ್ತಿನಲ್ಲಿ ಶಿಳ್ಳೆ ನಿಂತು ಜನ ಅಳುವುದು ಕೇಳಿಸಿತು. ರಾಜನ ವೇಷದಲ್ಲಿ 'ಹೌಲಾ ಹೌಲಾ' ಅಂದಾಗ ಅಳುತ್ತಿದ್ದವರೇ ಎದ್ದು ನಿಂತು ಕುಣಿದರು. ಅಪ್ಪ ಕಣ್ಣು ಒರೆಸಿಕೊಂಡು ಚಪ್ಪಾಳೆ ಹೊಡೆದರು. ನಾನು ಅಪ್ಪ ಅತ್ತಿದ್ದು ನೋಡಿದ್ದು ಎರಡೇ ಸಲ, ಅದರಲ್ಲಿ ಇದೊಂದು.

ನಾಗವಲ್ಲಿ ದೆವ್ವವೋ ಕಾಯಿಲೆಯೋ ಅಂತ ಆ ದಿನ ಯಾರು ಕೇಳುತ್ತಾರೆ? ಏನು ಸಿಕ್ಕಿತು ಅಂದಿರಲ್ಲ, ಇದು ಸಿಕ್ಕಿತು.

ಹಳೇ ಟಾಕೀಸು
ಸಂಜೆ ಶೋ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ದಿನಕ್ಕೆ ನಾನು ಎದುರಾಡುವುದಿಲ್ಲ. 'ಆಪ್ತಮಿತ್ರ'ಕ್ಕೂ ಹಾಗೇ ಆಗಿತ್ತು. ಗಂಗಾ ಪಾತ್ರ ಮಾಡಿದ ಸೌಂದರ್ಯ ತೀರಿಕೊಂಡಿದ್ದು 2004ರ ಏಪ್ರಿಲ್‌ನಲ್ಲಿ, ಸಿನಿಮಾ ಬಂದಿದ್ದು ಅದೇ ವರ್ಷ ಆಗಸ್ಟಿನಲ್ಲಿ. ನಾನು ಅದನ್ನು ನೋಡುವಾಗ ಎದೆ ಭಾರವಾಗಿತ್ತು.

ಆದರೆ ನನ್ನ ದೂರು ಬರವಣಿಗೆಯ ಮೇಲೆ. ನಟನ ಮೇಲಿನ ಪ್ರೀತಿ ಒಂದು, ಕಥೆಗೆ ಕೊಟ್ಟ ಮಾತು ಇನ್ನೊಂದು. ಇಪ್ಪತ್ತು ವರ್ಷ ಆದ ಮೇಲೆ ನೋಡುವ ಹುಡುಗನಿಗೆ ಆ ದಿನದ ಅಳು ಸಿಗುವುದಿಲ್ಲ. ಅವನಿಗೆ ಸಿಗುವುದು ಕಥೆ ಮಾತ್ರ.

ಸಂಜೆ ಶೋ
ನಮ್ಮ ಮನೆಯ ಹುಡುಗನಿಗೆ ನಾನೇ ಕೂರಿಸಿಕೊಂಡು ಆ ದಿನದ ಕಥೆ ಹೇಳುತ್ತೇನೆ. ಅವನಿಗೂ ಸಿಗುತ್ತದೆ.

ಗಡಿಯಾಚೆ ಕನ್ನಡಿಗ
ಕಾಸರಗೋಡಿನಿಂದ ಒಂದು ಮಾತು. 'ಆಪ್ತಮಿತ್ರ'ದ ಮೂಲ 1993ರ ಮಲಯಾಳಂ 'ಮಣಿಚಿತ್ರತ್ತಾಳ್', ಫಾಸಿಲ್ ನಿರ್ದೇಶನ. ನಾನು ಎರಡನ್ನೂ ನೋಡಿ ಬೆಳೆದವನು. ಬದಲಾವಣೆಯ ಬಗ್ಗೆ ಮಾತಾಡೋದಾದರೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ.

ಮಲಯಾಳಂನಲ್ಲಿ ನಾಗವಲ್ಲಿ ತಮಿಳು ನರ್ತಕಿ. ಅವಳು ಮೈಮೇಲೆ ಬಂದಾಗ ಗಂಗಾ ತಮಿಳು ಮಾತಾಡುತ್ತಾಳೆ. ಕನ್ನಡಕ್ಕೆ ಬಂದಾಗ ಅದು ತೆಲುಗಾಯಿತು. 2005ರ ತಮಿಳು 'ಚಂದ್ರಮುಖಿ'ಯಲ್ಲೂ ತೆಲುಗು. ಹಿಂದಿಗೆ ಹೋದಾಗ, 2007ರಲ್ಲಿ, ಬಂಗಾಳಿ. ಯಾಕೆ? ಮನೆಯ ಹೆಣ್ಣುಮಗಳು ಇದ್ದಕ್ಕಿದ್ದ ಹಾಗೆ ಬೇರೆ ಭಾಷೆ ಮಾತಾಡಿದಾಗ ಹುಟ್ಟುವ ಭಯ ಇದೆಯಲ್ಲ, ಅದು ಆ ಕಥೆಯ ಜೀವ. ಆ ಭಾಷೆ ಪೂರ್ತಿ ಗೊತ್ತಿಲ್ಲದ್ದೂ ಆಗಬಾರದು, ನಮ್ಮದೂ ಆಗಬಾರದು. ಪಕ್ಕದ ಮನೆಯದು ಆಗಬೇಕು. ಪ್ರತಿ ರೀಮೇಕ್ ತನ್ನ ಪಕ್ಕದ ಮನೆಯನ್ನು ಹುಡುಕಿಕೊಂಡಿತು. ರೀಮೇಕ್ ಅಂದರೆ ನಕಲು ಅಂತ ಬೈಯುವ ಮೊದಲು ಇದನ್ನು ಗಮನಿಸಬೇಕು ಅಲ್ವಾ?

ನಮ್ಮೂರಿನಲ್ಲಿ ಮೂರು ಭಾಷೆ ಒಂದೇ ಬಸ್ಸಿನಲ್ಲಿ ಓಡಾಡುತ್ತವೆ. ಅದಕ್ಕೇ ನನಗೆ ಇದು ಬೇಗ ಕಣ್ಣಿಗೆ ಬಿತ್ತೋ ಏನೋ.

ರೀಲ್ ನಂಬರ್ 14
ಇದು ಚಿನ್ನದಂಥ ಮಾತು. ಇಷ್ಟು ವರ್ಷ ನೋಡಿದರೂ ನನಗೆ ಹೊಳೆದಿರಲಿಲ್ಲ.

ಬಾಲ್ಕನಿ ಟಿಕೆಟ್
'ರಾ ರಾ' ಹಾಡು ತೆಲುಗಿನಲ್ಲಿ ಯಾಕಿದೆ ಅಂತ ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ. ಇವತ್ತು ಉತ್ತರ ಸಿಕ್ಕಿತು.

ಹೊಸ ಹುಡುಗ 99
ಎಲ್ಲರೂ ಹಳೇ ಕಾಲದಲ್ಲೇ ಇದ್ದೀರಲ್ಲ. ಸೀಕ್ವೆಲ್ ಅಂತ ಕನ್ನಡದಲ್ಲಿ ಶುರುವಾಗಿದ್ದೇ 'ಕೆಜಿಎಫ್'ನಿಂದ. ಅದಕ್ಕೆ ಮುಂಚೆ ಎರಡನೇ ಭಾಗ ಅಂತ ಯಾರು ಕಾಯುತ್ತಿದ್ದರು? 2018ರಿಂದ 2022ರವರೆಗೆ ನಾವು ಕಾದಿದ್ದು ನಮಗೇ ಗೊತ್ತು.

ರೀಲ್ ನಂಬರ್ 14
ತಮ್ಮಾ, ಕಾದಿದ್ದು ನಿಜ, ಶುರುವಾಗಿದ್ದು ಅಲ್ಲಿಂದ ಅನ್ನೋದು ತಪ್ಪು. 1968ರಲ್ಲೇ 'ಜೇಡರ ಬಲೆ' ಬಂತು. ದೊರೈ–ಭಗವಾನ್ ನಿರ್ದೇಶನ, ಅಣ್ಣಾವ್ರು ಸಿ.ಐ.ಡಿ. 999. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮುಂದಿನ ವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಒಂದೇ ಪಾತ್ರ, ನಾಲ್ಕು ಸಿನಿಮಾ. ಪೌರಾಣಿಕ ಪಾತ್ರಗಳಲ್ಲಿ ಜನ ಪೂಜೆ ಮಾಡುತ್ತಿದ್ದ ನಟ ಪಿಸ್ತೂಲು ಹಿಡಿದು ಗೂಢಚಾರ ಆದರು. ಆ ಧೈರ್ಯ ನೆನೆಸಿಕೊಂಡರೆ ಇವತ್ತಿಗೂ ಖುಷಿಯಾಗುತ್ತದೆ.

ಹೊಸ ಹುಡುಗ 99
ಸರ್, ಇದು ನಿಜವಾಗಲೂ ಗೊತ್ತಿರಲಿಲ್ಲ. ಈ ಶನಿವಾರ 'ಜೇಡರ ಬಲೆ' ನೋಡುತ್ತೇನೆ. ಆದರೆ ಅವು ಬೇರೆ ಬೇರೆ ಕಥೆಗಳಲ್ವಾ? 'ಕೆಜಿಎಫ್' ಒಂದೇ ಕಥೆ ಮುಂದುವರಿದದ್ದು. ಅಲ್ಲೊಂದು ವಿಷಯ ನನಗೆ ನೋವಾಗಿದ್ದು. ಮೊದಲ ಭಾಗದಲ್ಲಿ ಕಥೆ ಹೇಳಿದ್ದು ಅನಂತ್ ನಾಗ್. ಎರಡನೆಯದರಲ್ಲಿ ಆ ಕುರ್ಚಿಗೆ ಪ್ರಕಾಶ್ ರಾಜ್ ಬಂದರು. ಅವರು ಒಳ್ಳೇ ನಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದನಿಯನ್ನು ಕಿವಿಯಲ್ಲಿ ಇಟ್ಟುಕೊಂಡು ನಾಲ್ಕು ವರ್ಷ ಕಾದವನಿಗೆ ಮೊದಲ ಹತ್ತು ನಿಮಿಷ ಬೇರೆ ಯಾರದೋ ಮನೆಗೆ ಬಂದ ಹಾಗಾಯಿತು.

ಸಂಜೆ ಶೋ
ನೋಡಿದಿರಾ ಹಳೇ ಟಾಕೀಸು, ದನಿಗೂ ಜನ ಅಂಟಿಕೊಂಡಿರುತ್ತಾರೆ. ನಾನು ಹೇಳಿದ್ದೂ ಅದನ್ನೇ.

ಬಾಲ್ಕನಿ ಟಿಕೆಟ್
'ಸಪ್ತ ಸಾಗರದಾಚೆ ಎಲ್ಲೋ' ಯಾವ ಲೆಕ್ಕಕ್ಕೆ? 2023ರ ಸೆಪ್ಟೆಂಬರಿನಲ್ಲಿ ಸೈಡ್ ಎ, ನವೆಂಬರಿನಲ್ಲಿ ಸೈಡ್ ಬಿ. ನನಗದು ಎರಡನೇ ಭಾಗ ಅಂತ ಅನಿಸಲೇ ಇಲ್ಲ. ಕ್ಯಾಸೆಟ್ ತಿರುಗಿಸಿ ಹಾಕಿದ ಹಾಗೆ.

ಡಬಲ್ ರೋಡ್ ಸವಾರ
ದೆವ್ವದ ಸಿನಿಮಾ ಅಂದ ಕೂಡಲೇ ಹಳೇ ಬಂಗಲೆ, ಗೆಜ್ಜೆ ಶಬ್ದ ಅಂತ ಹೋಗುತ್ತೀರಿ. 2016ರ 'ಯು ಟರ್ನ್' ಮರೆತಿರಾ? ಪವನ್ ಕುಮಾರ್ ಆ ಕಥೆಯನ್ನು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಿಂದಲೇ ಎತ್ತಿಕೊಂಡರು. ತಿರುವು ಉಳಿಸಲು ಜನ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸುತ್ತಾರೆ. ಆ ಕಲ್ಲು ರಸ್ತೆ ಮಧ್ಯೆ ಹಾಗೇ ಉಳಿಯುತ್ತದೆ. ಹಿಂದೆ ಬಂದವರ ಗತಿ?

ಆ ಸಿನಿಮಾ ನೋಡುವ ಮೊದಲು ನಾನೂ ಒಂದು ಸಲ ಆ ಫ್ಲೈಓವರ್ ಮೇಲೆ ಹಾಗೆ ತಿರುಗಿಸಿದವನೇ. ನೋಡಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ಅವತ್ತಿನಿಂದ ಎಷ್ಟೇ ಟ್ರಾಫಿಕ್ ಇದ್ದರೂ ತುದಿಯವರೆಗೆ ಹೋಗಿಯೇ ತಿರುಗುತ್ತೇನೆ. ದೆವ್ವದ ಕಥೆ ನಮ್ಮ ರಸ್ತೆಯ ಮೇಲೇ ನಿಂತರೆ ಅದರ ಬಲವೇ ಬೇರೆ.

ಕಡಲ ತಡಿ
ಡಬಲ್ ರೋಡ್ ಸವಾರರ ಮಾತಿಗೆ ನನ್ನದೊಂದು ಸೇರ್ಪಡೆ. ನಮ್ಮ ಕಡೆಯ 'ಸು ಫ್ರಮ್ ಸೋ' 2025ರಲ್ಲಿ ಯಾಕೆ ಅಷ್ಟು ಓಡಿತು? ಮೈಮೇಲೆ ಬರುವುದು, ಅದರ ಸುತ್ತ ಊರೆಲ್ಲ ಸೇರುವುದು, ಗುರುಗಳನ್ನು ಕರೆಸುವುದು, ಇದೆಲ್ಲ ನಾವು ನೋಡಿದ್ದೇ. ನಗು ಬಂದಿದ್ದೂ ಅದಕ್ಕೇ. ಕೊನೆಗೆ ಒಂದು ಹೆಣ್ಣಿನ ಕಷ್ಟದ ಹತ್ತಿರ ಕಥೆ ಬಂದು ನಿಂತಾಗ ಗಂಟಲು ಕಟ್ಟಿತು.

'ಕಾಂತಾರ'ದ ಬಗ್ಗೆ ಮಾತ್ರ ನನ್ನ ಮನಸ್ಸು ಎರಡಾಗಿದೆ. 2022ರದ್ದು ನೋಡಿ ಹೆಮ್ಮೆಪಟ್ಟವನು ನಾನು. 2025ರ 'ಅಧ್ಯಾಯ 1' ಕದಂಬರ ಕಾಲಕ್ಕೆ ಹೋಯಿತು. ದೊಡ್ಡದಾಗಿದೆ, ಕಣ್ಣು ತುಂಬುತ್ತದೆ. ಆದರೆ ಮೊದಲನೆಯದರಲ್ಲಿದ್ದ ಕಂಬಳದ ಕೆಸರು, ಊಟದ ಪಂಕ್ತಿ, ಮನೆಯ ಜಗಳ ನನಗೆ ಜಾಸ್ತಿ ಹತ್ತಿರ. ದೈವದ ವಿಷಯ ನಮಗೆ ನಂಬಿಕೆ. ಅದು ತೆರೆಯ ಮೇಲೆ ಎಷ್ಟು ಸಲ ಬರಬೇಕು ಎಂಬುದರ ಬಗ್ಗೆ ನಮ್ಮ ಮನೆಯಲ್ಲೇ ಒಮ್ಮತ ಇಲ್ಲ. ಅಜ್ಜಿ ಕೈ ಮುಗಿದು ನೋಡಿದರು, ಮಾವ ಅರ್ಧಕ್ಕೆ ಎದ್ದು ಹೊರಗೆ ಹೋದರು.

ಹೊಸ ಹುಡುಗ 99
ನನಗೆ 'ಅಧ್ಯಾಯ 1' ಮೊದಲನೆಯದಕ್ಕಿಂತ ಇಷ್ಟವಾಯಿತು. ಬೇಕಾದರೆ ಬೈಯಿರಿ.

ಕಡಲ ತಡಿ
ಬೈಯಲ್ಲ ತಮ್ಮಾ. ಒಂದು ಸಲ ನಮ್ಮ ಊರಿಗೆ ದೈವದ ಕೋಲಕ್ಕೆ ಬಾ. ರಾತ್ರಿಯೆಲ್ಲ ಕೂತು ನೋಡು. ಆಮೇಲೆ ಮಾತಾಡೋಣ.

ಮಲೆನಾಡ ಮಳೆ
ಸ್ವಲ್ಪ ಪುಸ್ತಕಕ್ಕೆ ವಾಪಸ್ ಬರೋಣ. ಕನ್ನಡದಲ್ಲಿ ಸಿನಿಮಾದವರು ಅತಿ ಹೆಚ್ಚು ನೀರು ಸೇದಿದ ಬಾವಿ ಯಾವುದು ಗೊತ್ತಾ? ತೇಜಸ್ವಿ ಅವರ 'ಅಬಚೂರಿನ ಪೋಸ್ಟಾಫೀಸು' ಅಂತ ನನ್ನ ಲೆಕ್ಕ. ಒಂದು ತೆಳ್ಳಗಿನ ಕಥಾಸಂಕಲನ. ಅದರ ಹೆಸರಿನ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ 1973ರಲ್ಲೇ ಸಿನಿಮಾ ಮಾಡಿದರು. 'ತಬರನ ಕಥೆ'ಯನ್ನು ಕಾಸರವಳ್ಳಿ ಮಾಡಿದರು, ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂತು. 'ಕುಬಿ ಮತ್ತು ಇಯಾಲ' ಆಯಿತು. 2023ರಲ್ಲಿ 'ಡೇರ್‌ಡೆವಿಲ್ ಮುಸ್ತಫಾ' ಬಂತು, ಅದಕ್ಕೆ ತೇಜಸ್ವಿ ಓದುಗರೇ ಹಣ ಹಾಕಿದ್ದು.

ಗಮನಿಸಿ, ಇವೆಲ್ಲ ಸಣ್ಣ ಕಥೆಗಳು. ಮೂರು ಕಾದಂಬರಿಯನ್ನು ಒಂದು ಸಿನಿಮಾಕ್ಕೆ ತುರುಕಿದಾಗ ಸೋರುತ್ತದೆ ಅಂತ ಕೋಟೆ ಕಾವಲು ಹೇಳಿದರಲ್ಲ, ಸಣ್ಣ ಕಥೆಯಲ್ಲಿ ಅದು ಉಲ್ಟಾ. ಅಲ್ಲಿ ನಿರ್ದೇಶಕ ಸೇರಿಸಬೇಕು. ಮುಸ್ತಫಾದಲ್ಲಿ ಕಾಲೇಜಿನ ಹುಡುಗರ ಗುಂಪನ್ನು ಹಿಗ್ಗಿಸಿದ ರೀತಿ ನೋಡಿ, ಸೇರಿಸಿದ್ದು ಎಲ್ಲಿ ಅಂತ ಗೊತ್ತೇ ಆಗುವುದಿಲ್ಲ. ತಬರ ಪಿಂಚಣಿಗಾಗಿ ಕಚೇರಿ ಮೆಟ್ಟಿಲು ಹತ್ತುವುದನ್ನು ನಾನು ನಮ್ಮ ತಾತನ ಕಣ್ಣಲ್ಲಿ ನೋಡಿದೆ. ಅವರೂ ಒಂದು ಕಚೇರಿಗೆ ಆರು ವರ್ಷ ಅಲೆದರು.

ಓದುಗಿ ಮೈಸೂರು
ಜಾಗದ ಮಾತು ಬಂತಲ್ಲ, ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರನ್ನು ಬಿಡೋಕಾಗಲ್ಲ. 1965ರ ಹಿಂದಿ 'ಗೈಡ್' ಅವರ ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಒಯ್ದಿತು. ಅವರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ, ಅದರ ಮೇಲೆ ಒಂದು ಲೇಖನವನ್ನೇ ಬರೆದರು. ದೇಶವೆಲ್ಲ ಆ ಸಿನಿಮಾವನ್ನು ಹೊಗಳಿತು, ಬರೆದವರು ಮಾತ್ರ ಒಪ್ಪಲಿಲ್ಲ. ಆಮೇಲೆ ಶಂಕರ್ ನಾಗ್ 'ಮಾಲ್ಗುಡಿ ಡೇಸ್'ಗೆ ಆಗುಂಬೆಯನ್ನು ಆರಿಸಿಕೊಂಡರು. ಆಗುಂಬೆಯೂ ಮೈಸೂರಲ್ಲ. ಆದರೂ ನೋಡಿದವರಿಗೆ ಇದೇ ಮಾಲ್ಗುಡಿ ಅನಿಸಿತು. ಜಾಗ ಬದಲಾಗಿದ್ದಲ್ಲ ತೊಂದರೆ, ಊರಿನ ಗಾತ್ರ ಬದಲಾಗಿದ್ದು.

ಮಲೆನಾಡ ಮಳೆ
ಆಗುಂಬೆಗೆ ಬರುವವರು ಮಳೆಗಾಲ ಕಳೆದ ಮೇಲೆ ಬನ್ನಿ. ಜುಲೈನಲ್ಲಿ ಬಂದು ಏನೂ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಗಡಿಯಾಚೆ ಕನ್ನಡಿಗ
ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನ ಒಂದನೇ ನಂಬರ್ ಹೇಳಿಬಿಡುತ್ತೇನೆ. 1995ರ 'ಬೆಳದಿಂಗಳ ಬಾಲೆ'. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ, ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ. ಚೆಸ್ ಆಟಗಾರ ರೇವಂತ್, ಫೋನಿನಲ್ಲಿ ಒಬ್ಬಳ ದನಿ. ಅವಳು ಯಾರು ಅಂತ ಅವನೇ ಕಂಡುಹಿಡಿಯಬೇಕು. ಅನಂತ್ ನಾಗ್ ಆ ದನಿಯ ಹಿಂದೆ ಬೆಂಗಳೂರೆಲ್ಲ ಹುಡುಕುತ್ತಾರೆ.

ಯೋಚಿಸಿ. ಪುಸ್ತಕದಲ್ಲಿ ನಾಯಕಿಯ ಮುಖ ಹೇಗೂ ಕಾಣುವುದಿಲ್ಲ. ಬರೆಯುವವನಿಗೆ ಅದು ಸುಲಭ. ಸಿನಿಮಾದಲ್ಲಿ ಮುಖ ತೋರಿಸದೇ ಇರುವುದು ಎಷ್ಟು ದೊಡ್ಡ ಪಣ! ಟಿಕೆಟ್ ಕೊಟ್ಟು ಬಂದವರು ಕೊನೆಗಾದರೂ ತೋರಿಸುತ್ತಾರೆ ಎಂದು ಕಾಯುತ್ತಾರೆ. ದೇಸಾಯಿ ತೋರಿಸಲಿಲ್ಲ. ಇಷ್ಟು ವರ್ಷವಾದರೂ ನನ್ನ ತಲೆಯಲ್ಲಿ ಅವಳಿಗೆ ನನ್ನದೇ ಒಂದು ಮುಖವಿದೆ, ನಿಮ್ಮ ತಲೆಯಲ್ಲಿ ನಿಮ್ಮದು.

ಹಳೇ ಟಾಕೀಸು
ಅಯ್ಯೋ, ಇದನ್ನು ಹೇಗೆ ಮರೆತೆ! ನನ್ನ ಚಾಮಯ್ಯ ಮೇಷ್ಟ್ರ ಕಷ್ಟಕ್ಕೆ ಸರಿಯಾಗಿ ಎದುರು ಉದಾಹರಣೆ ಇದು. 'ನಾಗರಹಾವು' ನನಗೆ ಮುಖಗಳನ್ನು ಕೊಟ್ಟುಬಿಟ್ಟಿತು, ಪುಸ್ತಕ ಓದುವಾಗ ಅವು ಬಿಡಲೇ ಇಲ್ಲ. ದೇಸಾಯಿ ಮುಖವನ್ನು ಓದುಗನ ಹತ್ತಿರವೇ ಬಿಟ್ಟರು. ಎರಡೂ ದೊಡ್ಡ ಕೆಲಸವೇ. ಪುಟ್ಟಣ್ಣ ಅವರ ಮೇಲಿನ ಪ್ರೀತಿ ಇದರಿಂದ ಕಮ್ಮಿಯಾಗಲಿಲ್ಲ, ತ.ರಾ.ಸು. ಅವರ ನೋವು ಮಾತ್ರ ಈಗ ಇನ್ನೂ ಚೆನ್ನಾಗಿ ಅರ್ಥವಾಗುತ್ತಿದೆ.

'ಆಪ್ತರಕ್ಷಕ'ದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ, ಸಂಜೆ ಶೋ. ಆದರೆ ನಿಮ್ಮ ಅಪ್ಪನ ಜೊತೆ ಕೂತು ಒಂದು ಸಲ ಅದನ್ನು ನೋಡಬೇಕು ಅನಿಸುತ್ತಿದೆ.

ಸಂಜೆ ಶೋ
ಅಪ್ಪ ಈಗಿಲ್ಲ ಸರ್. ಚಿಕ್ಕಪ್ಪ ಇದ್ದಾರೆ. ತುಮಕೂರು ಕಡೆ ಬಂದರೆ ಮನೆಗೆ ಬನ್ನಿ, ಮೂರೂ ಜನ ಕೂತು ನೋಡೋಣ.

ಕೋಟೆ ಕಾವಲು
ಹಳೇ ಟಾಕೀಸು ಅವರೇ, 'ಒಂದು ಗಂಡು ಎರಡು ಹೆಣ್ಣು' ನನ್ನ ಹತ್ತಿರ ಇದೆ. ಹಳೇ ಪ್ರತಿ, ರಟ್ಟು ಹೋಗಿದೆ, ಪುಟ ಎಲ್ಲ ಸರಿ ಇದೆ. ವಿಳಾಸ ಒಳಗೆ ಮೆಸೇಜ್ ಮಾಡಿ, ಸೋಮವಾರ ಪೋಸ್ಟ್ ಮಾಡುತ್ತೇನೆ. ಓದಿ ಮುಗಿಸುವವರೆಗೆ ಸಿನಿಮಾ ನೋಡಬೇಡಿ.

ಹಳೇ ಟಾಕೀಸು
ಕಳಿಸಿದೆ ಸರ್. ಫೋನಿನಿಂದ ಸಿನಿಮಾ ತೆಗೆದೂ ಹಾಕಿದೆ. ಪುಸ್ತಕಕ್ಕೆ ನಾನೇ ರಟ್ಟು ಹಾಕಿಸಿ ವಾಪಸ್ ಕಳಿಸುತ್ತೇನೆ.